ನನ್ನ ನಂಬರ್ ಅವರಿಗೆ ಹೇಗೆ ಸಿಕ್ತು? ನಮ್ಮ ಫೋನ್, ನಮ್ಮ ಹೆಬ್ಬೆಟ್ಟು, ನಮ್ಮ ಮಾಹಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲನಲ್ಲ, ಪೊಲೀಸನೂ ಅಲ್ಲ. ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಅದಕ್ಕೇ ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, ತಿಥಿ ಊಟದ ಪಂಕ್ತಿಯಲ್ಲಿ ಕೂಡ ಜನ ಫೋನನ್ನು ನನ್ನ ಕೈಗೆ ಕೊಟ್ಟು "ಇದೊಂದು ನೋಡಪ್ಪ" ಅನ್ನುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಓದುತ್ತಾ ಹೋದರೆ ನಿಮಗೇ ಒಂದು ವಿಷಯ ಕಾಣುತ್ತದೆ: ನಾವು ಒಂದು ಕೆಲಸಕ್ಕೆ ಅಂತ ಕೊಟ್ಟದ್ದು ಇನ್ಯಾವುದೋ ಕೆಲಸಕ್ಕೆ ಹೋಗುತ್ತಿದೆ. ತೊಂದರೆ ಎಲ್ಲಾ ಹುಟ್ಟುವುದು ಅಲ್ಲೇ.

ಮೊನ್ನೆ ಸೈಟ್ ನೋಡಲು ಹೋಗಿದ್ದೆ. ಮರುದಿನ ಬೆಳಗ್ಗೆಯಿಂದ ಲೋನ್ ಬೇಕಾ ಅಂತ ನಾಲ್ಕು ಕಾಲ್. ನನ್ನ ನಂಬರ್ ಅವರಿಗೆ ಹೇಗೆ ಸಿಕ್ತು?

ನೀವೇ ಕೊಟ್ಟಿದ್ದೀರಿ. ಆದರೆ ಅವರಿಗಲ್ಲ. ಸೈಟ್ ಆಫೀಸಿನ ರಿಜಿಸ್ಟರ್‌ನಲ್ಲಿ ಹೆಸರು, ನಂಬರ್ ಬರೆದಿರಿ, ಅಲ್ವಾ? ಮಾಲ್‌ನಲ್ಲಿ ಕಾರ್ ಗೆಲ್ಲಿ ಅಂತ ಇಟ್ಟಿದ್ದ ಡಬ್ಬಿಗೆ ಚೀಟಿ ಹಾಕಿದಿರಿ. ಅಪಾರ್ಟ್‌ಮೆಂಟಿಗೆ ನೆಂಟರನ್ನು ನೋಡಲು ಹೋದಾಗ ಗೇಟಿನಲ್ಲಿ ಸೆಕ್ಯುರಿಟಿಯವರು ನಂಬರ್ ಕೇಳಿದರು, ಫೋಟೋನೂ ಹೊಡೆದುಕೊಂಡರು. ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವಾಗ ನಂಬರ್ ಹೇಳಿದಿರಿ. ಹೀಗೆ ವರ್ಷಕ್ಕೆ ಎಷ್ಟು ಕಡೆ ಕೊಟ್ಟಿದ್ದೇವೆ ಅಂತ ಲೆಕ್ಕ ಹಾಕಲು ಕೂತರೆ ನನಗೇ ಗಾಬರಿಯಾಗುತ್ತದೆ.

ಈ ಪಟ್ಟಿಗಳು ಕೈಯಿಂದ ಕೈಗೆ ಹೋಗುತ್ತವೆ. ಕೆಲವು ಕಡೆ ದುಡ್ಡಿಗೆ, ಕೆಲವು ಕಡೆ ಕೆಲಸ ಬಿಟ್ಟು ಹೋಗುವ ಹುಡುಗ ಎಕ್ಸೆಲ್ ಫೈಲ್ ಜೊತೆಗೆ ತೆಗೆದುಕೊಂಡು ಹೋಗುತ್ತಾನೆ, ಅಷ್ಟೇ. ನಂಬರ್ ಒಂದೇ ಇದ್ದರೆ ಅದಕ್ಕೆ ಬೆಲೆ ಕಮ್ಮಿ. "ಈ ನಂಬರಿನವರು ಸೈಟ್ ಹುಡುಕುತ್ತಿದ್ದಾರೆ" ಅಂತ ಗೊತ್ತಾದಾಗ ಬೆಲೆ ಬರುತ್ತದೆ.

ಕಾಲ್ ಕಮ್ಮಿ ಮಾಡಲು 1909ಕ್ಕೆ ಫೋನ್ ಮಾಡಿ, ಮಾರಾಟದ ಕರೆ ಬೇಡ ಅನ್ನುವ ಡಿಎನ್‌ಡಿ ಹಾಕಿಸಿ. ಮಾರಾಟದ ಕರೆಗಳು 140ರಿಂದ ಶುರುವಾಗುವ ನಂಬರಿನಿಂದ ಬರಬೇಕು ಅನ್ನುವ ನಿಯಮ ಇದೆ. ಸಾಮಾನ್ಯ ಹತ್ತು ಅಂಕಿಯ ಮೊಬೈಲ್‌ನಿಂದ ಲೋನ್ ಮಾರುವವರು ನಿಯಮ ಮುರಿದವರೇ, ಅವರ ಮೇಲೆ ಅದೇ 1909ಕ್ಕೆ ದೂರು ಕೊಡಬಹುದು.

ಅಂಗಡಿಯಲ್ಲಿ ನಂಬರ್ ಹೇಳದಿದ್ದರೆ ಬಿಲ್ ಆಗಲ್ಲ ಅಂತಾರಲ್ಲ?

ಆಗುತ್ತದೆ. ದುಡ್ಡು ಕೊಟ್ಟು ಸಾಮಾನು ತಗೊಳ್ಳೋಕೆ ಮೊಬೈಲ್ ನಂಬರ್ ಯಾಕೆ ಬೇಕು? 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನೇ ಹೇಳಿತು: ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನು ಒತ್ತಾಯಿಸಬೇಡಿ. ನಾನು ಕೌಂಟರ್‌ನಲ್ಲಿ "ನಂಬರ್ ಕೊಡಲ್ಲ, ಹಾಗೇ ಬಿಲ್ ಮಾಡಿ" ಅನ್ನುತ್ತೇನೆ. ಕೌಂಟರಿನ ಹುಡುಗಿಯ ಮೇಲೆ ರೇಗಬೇಡಿ, ಆ ನಿಯಮ ಮಾಡಿದ್ದು ಅವಳಲ್ಲ. ಮೆಲ್ಲಗೆ, ಒಂದೇ ಮಾತು ಹೇಳಿದರೆ ಸಾಕು. ಹಿಂದೆ ನಿಂತವರಿಗೂ ಕೇಳಿಸುತ್ತದೆ, ಅವರೂ ಮುಂದಿನ ಸಲ ಹೇಳುತ್ತಾರೆ.

ಮುಚ್ಚಿಡುವಂಥದ್ದು ನನ್ನ ಹತ್ತಿರ ಏನಿದೆ? ನೋಡಿಕೊಳ್ಳಲಿ ಬಿಡಿ.

ಈ ಪ್ರಶ್ನೆಗೆ ಮೊದಲೆಲ್ಲ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ, ಅದು ನಮ್ಮ ಮನೆಯಲ್ಲೇ ಸಿಕ್ಕಿದ್ದು.

ನಮ್ಮ ಮನೆಯ ಹುಡುಗಿಯೊಬ್ಬಳು ಬಸುರಿಯಾದಾಗ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಳು. ವಾರವಾರ ಮಗು ಎಷ್ಟು ಬೆಳೆದಿದೆ ಅಂತ ತೋರಿಸುವಂಥದ್ದು. ಹೆರಿಗೆ ತಾರೀಖು, ಊರು, ನಂಬರ್ ಎಲ್ಲಾ ಅದರಲ್ಲಿ ಹಾಕಿದ್ದಳು, ಖುಷಿಯಲ್ಲಿ ಯಾರಾದರೂ ಹಾಕುತ್ತಾರೆ. ಐದನೇ ತಿಂಗಳಲ್ಲಿ ಮಗು ಉಳಿಯಲಿಲ್ಲ. ಆ್ಯಪ್ ಅಳಿಸಿದಳು. ಆದರೆ ಕಾಲ್‌ಗಳು ನಿಲ್ಲಲಿಲ್ಲ. ಏಳನೇ ತಿಂಗಳಾಗಿರಬೇಕಾದ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತ ಕಾಪಾಡಿಡುತ್ತೇವೆ ಅಂತ ಒಬ್ಬರು, ಒಂಬತ್ತನೇ ತಿಂಗಳ ಹೊತ್ತಿಗೆ "ಅಭಿನಂದನೆಗಳು ಮೇಡಂ" ಅಂತ ಇನ್ನೊಬ್ಬರು. ಅವಳು ಫೋನ್ ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವೆಲ್ಲ ಹೊರಗೆ ಸುಮ್ನೆ ಕೂತಿದ್ದೆವು, ಯಾರಿಗೂ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಅವಳು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ತಪ್ಪು ಮಾಡಿರಲಿಲ್ಲ. ಆ ನೋವನ್ನು ಯಾರ ಹತ್ತಿರ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ಅವಳ ಕೈಯಲ್ಲಿ ಇರಬೇಕಿತ್ತು. ಅದನ್ನು ಅವಳ ಕೈಯಿಂದ ಕಿತ್ತುಕೊಂಡರು. ಖಾಸಗಿತನ ಅಂದರೆ ನನಗೆ ಈಗ ಇದೇ ಅರ್ಥ. ನಿಮ್ಮ ಸಕ್ಕರೆ ಕಾಯಿಲೆ, ನಿಮ್ಮ ಸಾಲ, ಮಗಳ ಜಾತಕ ಎಷ್ಟು ಕಡೆ ತಿರುಗಿ ಬಂತು ಅನ್ನುವುದು, ಇವೆಲ್ಲ ಗುಟ್ಟೇನಲ್ಲ. ಆದರೂ ನಿಮ್ಮದು.

ನಾವು ಮಾತಾಡಿದ ವಸ್ತುವಿನ ಜಾಹೀರಾತೇ ಬರುತ್ತದೆ. ಫೋನ್ ನಮ್ಮ ಮಾತು ಕದ್ದು ಕೇಳುತ್ತದಾ?

ಎಲ್ಲರೂ ಕೇಳುವ ಪ್ರಶ್ನೆ. ಜಾಹೀರಾತಿಗೋಸ್ಕರ ದಿನವಿಡೀ ಮೈಕ್ ತೆರೆದಿಟ್ಟು ಕೇಳುವ ಅಗತ್ಯವೇ ಅವರಿಗಿಲ್ಲ. ಅಷ್ಟೆಲ್ಲ ಕೇಳಿಸಿಕೊಳ್ಳದೆಯೇ ಅವರಿಗೆ ಗೊತ್ತಾಗುತ್ತದೆ. ನನ್ನ ಪ್ರಕಾರ ಹೆದರಬೇಕಾದ್ದು ಅದಕ್ಕೇ.

ಒಂದು ಉದಾಹರಣೆ ನೋಡಿ. ನಿಮ್ಮ ಭಾವಮೈದ ಭಾನುವಾರ ಊಟಕ್ಕೆ ಬಂದ. ಹೊಸ ವಾಷಿಂಗ್ ಮೆಷಿನ್ ತಗೊಂಡೆ ಅಂದ. ಸಂಜೆ ನಿಮ್ಮ ಫೋನಿನಲ್ಲಿ ವಾಷಿಂಗ್ ಮೆಷಿನ್ ಜಾಹೀರಾತು. ಅವನು ವಾರದಿಂದ ಅದನ್ನು ಹುಡುಕಿದ್ದ. ನಿಮ್ಮ ಮನೆಯ ವೈಫೈಗೆ ಸೇರಿಕೊಂಡ. ನಿಮ್ಮಿಬ್ಬರ ಫೋನ್ ಮೂರು ತಾಸು ಒಂದೇ ಜಾಗದಲ್ಲಿದ್ದವು. ಒಬ್ಬರ ಕಾಂಟ್ಯಾಕ್ಟ್‌ನಲ್ಲಿ ಇನ್ನೊಬ್ಬರ ನಂಬರ್ ಇದೆ. ಇಷ್ಟು ಸಾಲದೇ? ಮಾತು ಕೇಳಿಸಿಕೊಳ್ಳುವುದು ಯಾಕೆ ಬೇಕು? ಜೊತೆಗೆ, ಹೊಂದದ ನೂರು ಜಾಹೀರಾತು ನಮಗೆ ನೆನಪಿರುವುದಿಲ್ಲ, ಹೊಂದಿದ ಒಂದು ಮರೆಯುವುದಿಲ್ಲ.

ಮಾಡಬಹುದಾದ್ದು: ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಡ್ಸ್ ಅನ್ನುವ ಜಾಗ ಹುಡುಕಿ, ಅಲ್ಲಿ ಅಡ್ವರ್ಟೈಸಿಂಗ್ ಐಡಿ ಡಿಲೀಟ್ ಮಾಡಿ. ಐಫೋನ್‌ನಲ್ಲಿ ಟ್ರ್ಯಾಕಿಂಗ್ ಅನ್ನುವುದನ್ನು ಆಫ್ ಮಾಡಿ. ಆಮೇಲೆ ಪರ್ಮಿಷನ್‌ಗಳ ಪಟ್ಟಿ ತೆರೆದು ಲೊಕೇಷನ್ ಯಾರ್ಯಾರಿಗೆ ಕೊಟ್ಟಿದ್ದೀರಿ ನೋಡಿ. ಮ್ಯಾಪಿಗೆ, ಕ್ಯಾಬಿಗೆ ಸರಿ. ಟಾರ್ಚ್ ಆ್ಯಪಿಗೆ ನೀವು ಎಲ್ಲಿದ್ದೀರಿ ಅಂತ ಯಾಕೆ ಗೊತ್ತಾಗಬೇಕು? ಕ್ಯಾಲೆಂಡರ್ ಆ್ಯಪಿಗೆ ನಿಮ್ಮ ಮೈಕ್ ಯಾಕೆ ಬೇಕು?

ಹೆಬ್ಬೆಟ್ಟಿನಿಂದ ದುಡ್ಡು ಹೋಗುತ್ತದಂತೆ, ಓಟಿಪಿನೂ ಬರಲ್ಲವಂತೆ. ನಿಜವಾ?

ನಿಜ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಹಳ್ಳಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಜಾಸ್ತಿ ಏಟು ಬೀಳುವುದು ಇಲ್ಲೇ.

ಆಧಾರ್ ಮೂಲಕ ದುಡ್ಡು ತೆಗೆಯುವ ವ್ಯವಸ್ಥೆ ಒಂದಿದೆ, ಎಇಪಿಎಸ್ ಅಂತ. ಬ್ಯಾಂಕ್ ಇಲ್ಲದ ಊರಿನಲ್ಲಿ ಕಿರಾಣಿ ಅಂಗಡಿಯಲ್ಲೋ ಬ್ಯಾಂಕ್ ಮಿತ್ರರ ಹತ್ತಿರವೋ ಆಧಾರ್ ನಂಬರ್ ಹೇಳಿ, ಬ್ಯಾಂಕ್ ಹೆಸರು ಹೇಳಿ, ಸಣ್ಣ ಮೆಷಿನ್ ಮೇಲೆ ಬೆರಳಿಟ್ಟರೆ ದುಡ್ಡು ಬರುತ್ತದೆ. ಒಂದು ಸಲಕ್ಕೆ 10,000 ರೂಪಾಯಿವರೆಗೆ. ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ. ಪಿಂಚಣಿ ತಗೊಳ್ಳುವ ಅಜ್ಜಿಗೆ ಇದು ದೊಡ್ಡ ಅನುಕೂಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಸ್ ಹತ್ತಿ ತಾಲೂಕಿಗೆ ಹೋಗುವ ಕಷ್ಟ ತಪ್ಪಿತು.

ಆದರೆ ಬೀಗದ ಕೈ ಏನು ಇಲ್ಲಿ? ಬೆರಳಚ್ಚು. ಅದನ್ನು ನಾವು ಎಲ್ಲೆಲ್ಲಿ ಒತ್ತುತ್ತೇವೆ? ಕ್ರಯಪತ್ರದ ಮೇಲೆ, ಬಾಡಿಗೆ ಕರಾರಿನ ಮೇಲೆ, ಸಾಲದ ಕಾಗದದ ಮೇಲೆ. ಅದರ ಪಕ್ಕದಲ್ಲೇ ಆಧಾರ್ ನಂಬರ್ ಇರುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೆ ದುಡ್ಡು ಹೋಯಿತು ಅಂತ ಸಾಲು ಸಾಲು ದೂರು ಬಂದವು. ನೋಂದಣಿ ಕಾಗದದ ಪ್ರತಿಯಲ್ಲಿದ್ದ ಬೆರಳಚ್ಚನ್ನು ನೋಡಿಕೊಂಡು ನಕಲಿ ಬೆರಳು ಮಾಡಿ ಕಳ್ಳರು ದುಡ್ಡು ತೆಗೆದಿದ್ದಾರೆ ಅನ್ನುವುದು ಆಗ ಕೇಳಿಬಂದ ಅನುಮಾನ. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಅಂದರೆ ಆಧಾರಿನಲ್ಲಿ ಬೆರಳಚ್ಚು ಕೆಲಸ ಮಾಡದಂತೆ ಬೀಗ ಹಾಕಿ ಅಂತ ಪೊಲೀಸರೇ ಜನರಿಗೆ ಹೇಳಿದರು.

ಪಾಸ್‌ವರ್ಡ್ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಹೆಬ್ಬೆಟ್ಟು ಕಳುವಾದರೆ ಇನ್ನೊಂದನ್ನು ಎಲ್ಲಿಂದ ತರೋಣ?

ಲಾಕ್ ಮಾಡುವುದು ಹೀಗೆ. ಆಧಾರ್ ಪ್ರಾಧಿಕಾರದ ಆ್ಯಪ್ ಅಥವಾ ವೆಬ್‌ಸೈಟಿಗೆ ಹೋಗಿ ಬಯೋಮೆಟ್ರಿಕ್ ಲಾಕ್ ಅನ್ನುವುದನ್ನು ಒತ್ತಿ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ, ಹಾಕಿ. ಕೆಲಸ ಐದು ನಿಮಿಷದ್ದು, ದುಡ್ಡು ಖರ್ಚಿಲ್ಲ. ಆದರೆ ಒಂದು ಎಚ್ಚರಿಕೆ. ರೇಷನ್ ಅಂಗಡಿಯಲ್ಲಿ ಬೆರಳಿಡುವವರು, ಹೊಸ ಸಿಮ್ ತಗೊಳ್ಳುವವರು ಅದಕ್ಕೆ ಮೊದಲು ಅನ್‌ಲಾಕ್ ಮಾಡಿಕೊಳ್ಳಬೇಕು. ಇದು ಗೊತ್ತಿಲ್ಲದೆ ಅಮ್ಮನ ಆಧಾರ್ ಲಾಕ್ ಮಾಡಿ ನೀವು ಬೆಂಗಳೂರಿಗೆ ಬಸ್ ಹತ್ತಿದರೆ, ಅವರು ಅಕ್ಕಿ ಇಲ್ಲದೆ ಖಾಲಿ ಚೀಲ ಹಿಡಿದು ಮನೆಗೆ ಬರುತ್ತಾರೆ. ಓಟಿಪಿ ಯಾರ ಫೋನಿಗೆ ಬರುತ್ತದೆ ಅಂತ ಮೊದಲು ನೋಡಿ, ಆಮೇಲೆ ಲಾಕ್ ಮಾಡಿ.

ದುಡ್ಡು ಹೋಗಿದ್ದರೆ ತಡ ಮಾಡಬೇಡಿ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ, ದೂರಿನ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಂಥ ಪ್ರಕರಣದಲ್ಲಿ ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟ ಹೊರಿಸುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಕೌಂಟರಿನಲ್ಲಿ "ಆಮೇಲೆ ಬನ್ನಿ" ಅಂದರೆ ಈ ಸುತ್ತೋಲೆಯ ಹೆಸರು ಹೇಳಿ.

ಆಧಾರ್ ಜೆರಾಕ್ಸ್ ಕೊಡಬಹುದಾ, ಬೇಡವಾ?

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು: ಜೆರಾಕ್ಸ್ ದುರ್ಬಳಕೆ ಆಗಬಹುದು, ಕಂಡಕಂಡವರಿಗೆ ಕೊಡಬೇಡಿ. ಎರಡೇ ದಿನಕ್ಕೆ ಅದನ್ನು ವಾಪಸ್ ತಗೊಂಡರು, ಜನ ತಪ್ಪು ತಿಳಿಯಬಹುದು ಅನ್ನುವುದು ಅವರು ಕೊಟ್ಟ ಕಾರಣ. ಪ್ರಕಟಣೆ ವಾಪಸ್ ಹೋಯಿತು, ಅದರಲ್ಲಿದ್ದ ಬುದ್ಧಿಮಾತು ಈಗಲೂ ಸರಿಯಾಗಿಯೇ ಇದೆ ಅಂತ ನನ್ನ ಅಭಿಪ್ರಾಯ.

ಮಾಸ್ಕ್ಡ್ ಆಧಾರ್ ಅಂತ ಇದೆ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಲಾಡ್ಜಿಗೆ, ಬಾಡಿಗೆ ಮನೆಗೆ, ಆಫೀಸ್ ಗೇಟಿಗೆ ಅದು ಧಾರಾಳವಾಗಿ ಸಾಕು. ಕೊಡುವ ಪ್ರತಿಯ ಮೇಲೆ ಅಡ್ಡಲಾಗಿ ಪೆನ್ನಿನಲ್ಲಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಅಂತ ಬರೆದು ಕೊಡಿ.

ಜನ ಯೋಚಿಸದೇ ಇರುವ ಜಾಗ ಇನ್ನೊಂದಿದೆ, ಜೆರಾಕ್ಸ್ ಅಂಗಡಿ. ಈಗ ಯಾರೂ ಕಾಗದ ಒಯ್ಯುವುದಿಲ್ಲ, ಅಂಗಡಿಯವರ ವಾಟ್ಸಾಪ್‌ಗೆ ಪಿಡಿಎಫ್ ಕಳಿಸಿ ಪ್ರಿಂಟ್ ತಗೊಳ್ಳುತ್ತೇವೆ. ಆ ಒಂದು ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಡೀ ಬಡಾವಣೆಯ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಸಂಬಳದ ಚೀಟಿ ಎಲ್ಲಾ ಇರುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೆ ಆ ಕಂಪ್ಯೂಟರ್‌ಗೆ ವೈರಸ್ ಬಂದರೆ? ರಿಪೇರಿಗೆ ಹೋದರೆ? ಪ್ರಿಂಟ್ ಆದ ಮೇಲೆ ಕೌಂಟರಿನಲ್ಲೇ ನಿಂತು ಅಳಿಸಿಸಿ. "ಅಣ್ಣಾ, ಡೌನ್‌ಲೋಡ್ಸ್‌ನಿಂದಲೂ ತೆಗೀರಿ" ಅನ್ನಿ. ನಿಮ್ಮ ಕಡೆಯಿಂದಲೂ ಆ ಮೆಸೇಜನ್ನು ಎಲ್ಲರಿಗೂ ಡಿಲೀಟ್ ಮಾಡಿ. ಬೇಜಾರು ಮಾಡಿಕೊಂಡವರನ್ನು ನಾನು ಇನ್ನೂ ನೋಡಿಲ್ಲ.

ಖಾಸಗಿತನ ಅನ್ನುವುದು ನಮ್ಮ ದೇಶದಲ್ಲಿ ಹಕ್ಕೇನಾ?

ಹೌದು, ಮೂಲಭೂತ ಹಕ್ಕು. ಅದಕ್ಕೆ ಕಾರಣ ನಮ್ಮ ಬೆಂಗಳೂರಿನ ಒಬ್ಬ ಹಿರಿಯರು ಅಂತ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಇಂಥ ಕೆಲಸಕ್ಕೆ ಎಷ್ಟು ಜನ ಎದ್ದು ನಿಲ್ಲುತ್ತಾರೆ?

ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಕೇಂದ್ರ ಸರ್ಕಾರ ವಾದಿಸಿತು. 1954ರ ಮತ್ತು 1962ರ ಹಳೆಯ ತೀರ್ಪುಗಳನ್ನು ತೋರಿಸಿತು. ಕೊನೆಗೆ 9 ನ್ಯಾಯಮೂರ್ತಿಗಳ ಪೀಠ ಕೂತು, 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು: ಇದು ಜೀವಿಸುವ ಹಕ್ಕಿನ ಒಳಗೇ ಇದೆ, ಸಂವಿಧಾನದ 21ನೇ ವಿಧಿಯಲ್ಲಿ. ಮರುವರ್ಷ ಸೆಪ್ಟೆಂಬರ್ 26ರಂದು ಆಧಾರ್ ಬಗ್ಗೆ ತೀರ್ಪು ಬಂತು. ಆಧಾರ್ ಉಳಿಯಿತು, ಪ್ಯಾನ್ ಜೊತೆ ಜೋಡಿಸುವುದೂ ಉಳಿಯಿತು. ಆದರೆ ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಕಡ್ಡಾಯ ಮಾಡುವುದು ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಶಾಲೆಯ ಪುಸ್ತಕದಲ್ಲಿ ಇರಬೇಕು ಅಂತ ನನಗೆ ತುಂಬಾ ಆಸೆ.

ಸರ್ಕಾರ ನಮ್ಮ ಫೋನ್ ಕೇಳಿಸಿಕೊಳ್ಳಬಹುದಾ?

ಕಾನೂನು ಅವಕಾಶ ಕೊಟ್ಟಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಕೆಳಗೆ, ದೇಶದ ಭದ್ರತೆಯಂಥ ಕಾರಣಕ್ಕೆ ಗೃಹ ಕಾರ್ಯದರ್ಶಿ ಆದೇಶ ಮಾಡಬಹುದು. 2018ರ ಡಿಸೆಂಬರ್‌ನಲ್ಲಿ ಕೇಂದ್ರ 10 ಸಂಸ್ಥೆಗಳಿಗೆ ಈ ಅಧಿಕಾರ ಕೊಟ್ಟು ಅಧಿಸೂಚನೆ ಹೊರಡಿಸಿತು. ನನಗೆ ಇದರಲ್ಲಿ ಚುಚ್ಚುವುದು ಏನೆಂದರೆ, ಆದೇಶ ಮಾಡುವವರೂ ಅಧಿಕಾರಿಗಳು, ಅದು ಸರಿಯೇ ಅಂತ ಆಮೇಲೆ ನೋಡುವ ಸಮಿತಿಯಲ್ಲಿರುವವರೂ ಅಧಿಕಾರಿಗಳು. ನಡುವೆ ಜಡ್ಜ್ ಇಲ್ಲ. ನಿಮ್ಮ ಫೋನ್ ಕೇಳಿಸಿಕೊಂಡಿದ್ದರು ಅಂತ ನಿಮಗೆ ಮುಂದೆ ಎಂದೂ ಯಾರೂ ಹೇಳುವುದೂ ಇಲ್ಲ.

ಇದು ಯಾವುದೋ ಒಂದು ಪಕ್ಷದ ಮಾತಲ್ಲ. ನಮ್ಮ ರಾಜ್ಯಕ್ಕೆ ಇದರ ಹಳೆಯ ನೆನಪಿದೆ. 1988ರಲ್ಲಿ ಫೋನ್ ಕದ್ದಾಲಿಕೆ ವಿವಾದದಲ್ಲೇ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2019ರಲ್ಲಿ ಮತ್ತೆ ಅಂಥದ್ದೇ ಆರೋಪ ಎದ್ದು ತನಿಖೆ ಸಿಬಿಐಗೆ ಹೋಯಿತು. 2021ರ ಜುಲೈನಲ್ಲಿ ಫೋನಿನೊಳಗೆ ಕೂತು ಬೇಹುಗಾರಿಕೆ ಮಾಡುವ ಪೆಗಾಸಸ್ ತಂತ್ರಾಂಶದ ಸುದ್ದಿ ಹೊರಬಂದಾಗ, ಗುರಿಯಾಗಿರಬಹುದಾದ ನಂಬರ್‌ಗಳ ಪಟ್ಟಿಯಲ್ಲಿ ಕರ್ನಾಟಕದ ರಾಜಕಾರಣಿಗಳಿಗೆ ಸಂಬಂಧಿಸಿದ ನಂಬರ್‌ಗಳೂ ಇದ್ದವು ಅಂತ ವರದಿಯಾಯಿತು. ಪೆಗಾಸಸ್‌ಗೆ ನೀವು ಯಾವ ಲಿಂಕನ್ನೂ ಒತ್ತಬೇಕಾಗಿಲ್ಲ, ತಾನಾಗಿ ಫೋನಿನೊಳಗೆ ಇಳಿಯುತ್ತದೆ. ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ಸಮಿತಿ ಮಾಡಿತು. ಪರೀಕ್ಷಿಸಿದ 29 ಫೋನ್‌ಗಳಲ್ಲಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಅನ್ನಲು ಆಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಅಂತಲೂ ಸಮಿತಿ ಹೇಳಿದ್ದನ್ನು ಕೋರ್ಟಿನಲ್ಲಿ ಓದಿದರು.

ನಿಮ್ಮ ನನ್ನಂಥವರ ಫೋನಿಗೆ ಅಷ್ಟು ದುಬಾರಿ ಸಾಧನ ಯಾರೂ ಬಳಸಲಿಕ್ಕಿಲ್ಲ. ಆದರೆ ನಮ್ಮ ಪರವಾಗಿ ಬರೆಯುವ ಪತ್ರಕರ್ತರ ಮೇಲೆ, ಕೇಸು ನಡೆಸುವ ವಕೀಲರ ಮೇಲೆ ಬಳಸಿದರೆ ಅದರ ನಷ್ಟ ಬರುವುದು ನಮಗೇ.

ಜನ ಮಾತಾಡಿದರೆ ಏನೂ ಆಗಲ್ಲ ಅನ್ನುವವರಿಗೆ ಒಂದು ವಿಷಯ. 2025ರ ಕೊನೆಯಲ್ಲಿ ಹೊಸ ಫೋನ್‌ಗಳಲ್ಲೆಲ್ಲ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿರಬೇಕು ಅಂತ ದೂರಸಂಪರ್ಕ ಇಲಾಖೆ ಆದೇಶ ಮಾಡಿತು. ಗಲಾಟೆಯಾಯಿತು. ಕೆಲವೇ ದಿನದಲ್ಲಿ ಆ ಕಡ್ಡಾಯವನ್ನು ಕೈಬಿಟ್ಟರು. ಆ ಸೇವೆಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು, ಗೊತ್ತಿಲ್ಲದ್ದು ಕಂಡರೆ ದೂರು ಕೊಡಬಹುದು, ಕಳೆದ ಫೋನನ್ನು ಬ್ಲಾಕ್ ಮಾಡಿಸಬಹುದು. ನಾನೂ ಬಳಸಿದ್ದೇನೆ. ಬೇಕಾದವರು ಹಾಕಿಕೊಳ್ಳಲಿ.

ವಾಟ್ಸಾಪ್ ಸೇಫಾ?

ನೀವು ಬರೆದ ಮಾತು, ಕಳಿಸಿದ ಫೋಟೋ ನಡುವೆ ಯಾರಿಗೂ ಕಾಣುವುದಿಲ್ಲ, 2016ರಿಂದ ಹಾಗೇ ಇದೆ. ಆದರೆ ಯಾರ ಜೊತೆ, ಯಾವ ಹೊತ್ತಿಗೆ, ಎಷ್ಟು ಸಲ ಅನ್ನುವುದು ಕಂಪನಿಗೆ ಗೊತ್ತಾಗುತ್ತದೆ. ಪೋಸ್ಟ್‌ಮ್ಯಾನ್ ಕಾಗದ ಒಡೆದು ಓದದಿದ್ದರೂ ವಾರಕ್ಕೆ ಮೂರು ಕಾಗದ ಕ್ಯಾನ್ಸರ್ ಆಸ್ಪತ್ರೆಯಿಂದ ಬರುತ್ತಿವೆ ಅಂತ ಅವನಿಗೆ ತಿಳಿಯುತ್ತದೆ, ಅಲ್ವಾ? ಹಾಗೆ. 2021ರಲ್ಲಿ ವಾಟ್ಸಾಪ್ ಬಳಕೆದಾರರ ಮಾಹಿತಿ ಹಂಚಿಕೊಳ್ಳುವ ಹೊಸ ನಿಯಮ ತಂದು ಒಪ್ಪಲೇಬೇಕು ಅಂತ ಕೂತಿತು. ಅದಕ್ಕೆ ನಮ್ಮ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸಾಪಿನ ಒಡೆಯ ಮೆಟಾ ಕಂಪನಿಗೆ 213 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು.

ಮನೆಯವರ ಫೋನ್‌ನಲ್ಲಿ ನಾನು ಮೂರು ಕೆಲಸ ಮಾಡುತ್ತೇನೆ. ಟು ಸ್ಟೆಪ್ ವೆರಿಫಿಕೇಷನ್ ಪಿನ್ ಹಾಕುತ್ತೇನೆ. ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಆನ್ ಮಾಡುತ್ತೇನೆ, ಇಲ್ಲದಿದ್ದರೆ ಮಾತು ಭದ್ರವಾಗಿ ಹೋಗಿ ಬ್ಯಾಕಪ್‌ನಲ್ಲಿ ತೆರೆದು ಬಿದ್ದಿರುತ್ತದೆ. ಲಿಂಕ್ಡ್ ಡಿವೈಸಸ್, ಅಂದರೆ ಅದೇ ವಾಟ್ಸಾಪ್ ಇನ್ನು ಯಾವ ಕಂಪ್ಯೂಟರ್, ಫೋನಿನಲ್ಲಿ ತೆರೆದಿದೆ ಅನ್ನುವ ಪಟ್ಟಿ ನೋಡುತ್ತೇನೆ. ಒಮ್ಮೆ ಪರಿಚಯದ ಹೆಣ್ಣುಮಗಳೊಬ್ಬರ ಫೋನಿನಲ್ಲಿ ಅವರಿಗೆ ಗೊತ್ತೇ ಇಲ್ಲದ ಕಂಪ್ಯೂಟರ್ ಒಂದು ಆ ಪಟ್ಟಿಯಲ್ಲಿ ಇತ್ತು, ತಿಂಗಳುಗಟ್ಟಲೆಯಿಂದ. ಯಾರದ್ದು ಅಂತ ಅವರಿಗೆ ಆಮೇಲೆ ತಿಳಿಯಿತು. ಮನೆಯೊಳಗಿನವರೇ. ಕಣ್ಗಾವಲು ಅಂದರೆ ದೂರದ ಕಂಪನಿ ಮಾತ್ರ ಅಂತ ಅಂದುಕೊಳ್ಳಬೇಡಿ.

ಇನ್‌ಕಾಗ್ನಿಟೋದಲ್ಲಿ ನೋಡಿದರೆ ಯಾರಿಗೂ ಗೊತ್ತಾಗಲ್ಲ ತಾನೆ?

ಅದು ನೋಡಿದ ಪುಟಗಳ ಪಟ್ಟಿಯನ್ನು ಫೋನಿನಲ್ಲಿ ಉಳಿಸದ ಬ್ರೌಸರ್ ಕಿಟಕಿ. ಅದೇ ಫೋನ್ ಬಳಸುವ ಇನ್ನೊಬ್ಬರಿಗೆ ಗೊತ್ತಾಗಲ್ಲ, ಅಷ್ಟೇ. ಇಂಟರ್ನೆಟ್ ಕೊಡುವ ಕಂಪನಿಗೆ, ಆಫೀಸ್ ನೆಟ್‌ವರ್ಕಿಗೆ, ನೀವು ಹೋದ ವೆಬ್‌ಸೈಟಿಗೆ ಗೊತ್ತಾಗುತ್ತದೆ. ಇನ್‌ಕಾಗ್ನಿಟೋದಲ್ಲೂ ಮಾಹಿತಿ ಕೂಡಿಟ್ಟರು ಅಂತ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸಾಯಿತು. 2024ರಲ್ಲಿ ರಾಜಿಯಾಗಿ, ರಾಶಿ ರಾಶಿ ದಾಖಲೆ ಅಳಿಸಲು ಗೂಗಲ್ ಒಪ್ಪಿತು.

ಅರ್ಜೆಂಟಿಗೆ ಲೋನ್ ಆ್ಯಪ್ ಹಾಕಿದೆ. ಕಂತು ತಡವಾಯಿತು ಅಂತ ನನ್ನ ಕಾಂಟ್ಯಾಕ್ಟ್‌ನಲ್ಲಿರುವ ಎಲ್ಲರಿಗೂ ಮೆಸೇಜ್ ಕಳಿಸುತ್ತಿದ್ದಾರೆ. ಏನು ಮಾಡಲಿ?

ಮೊದಲು ಒಂದು ಮಾತು. ನೀವು ಒಬ್ಬರೇ ಅಲ್ಲ, ಇದು ನಾಚಿಕೆ ಪಡುವ ವಿಷಯವೂ ಅಲ್ಲ. ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಿ. ಜನ ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ಓದಿದ್ದೇವೆ. ದುಡ್ಡಿನ ಭಾರಕ್ಕಿಂತ ಹೇಳಿಕೊಳ್ಳಲಾಗದ ಅವಮಾನವೇ ಅವರನ್ನು ತಿಂದದ್ದು.

ರಿಸರ್ವ್ ಬ್ಯಾಂಕ್ 2022ರಲ್ಲಿ ಕೊಟ್ಟ ನಿಯಮದ ಪ್ರಕಾರ ಸಾಲ ಕೊಡುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್, ಗ್ಯಾಲರಿ, ಕಾಲ್ ಪಟ್ಟಿ ಮುಟ್ಟುವಂತಿಲ್ಲ. ಮುಟ್ಟಿದ್ದರೆ ತಪ್ಪು ಅವರದ್ದು. ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1930ಕ್ಕೆ ಹೇಳಿ, ಹತ್ತಿರದ ಸೈಬರ್ ಠಾಣೆಗೆ ಹೋಗಿ. ಕಾಂಟ್ಯಾಕ್ಟ್‌ನಲ್ಲಿರುವವರಿಗೆ ನೀವೇ ಮೊದಲು ಒಂದು ಸಾಲು ಬರೆದುಬಿಡಿ: "ನನ್ನ ಹೆಸರಿನಲ್ಲಿ ಕೆಟ್ಟ ಮೆಸೇಜ್ ಬರಬಹುದು, ಮೋಸಗಾರರು ಕಳಿಸುತ್ತಿದ್ದಾರೆ, ದುಡ್ಡು ಕೊಡಬೇಡಿ." ಅಲ್ಲಿಗೆ ಅವರ ಕೈಯಲ್ಲಿದ್ದ ಅಸ್ತ್ರ ಮೊಂಡಾಗುತ್ತದೆ.

ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ ನನ್ನ ಆಧಾರ್ ನಂಬರ್, ವಿಳಾಸ ಎಲ್ಲಾ ಸರಿಯಾಗಿ ಹೇಳಿದರು. ನಿಜವಾದ ಪೊಲೀಸ್ ಇರಬಹುದಾ?

ಇಲ್ಲ. ವಿಡಿಯೋ ಕಾಲ್ ಮೂಲಕವೇ ಬಂಧಿಸಿದ್ದೇವೆ ಅಂತ ಹೆದರಿಸುವ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿವರ ಸರಿಯಾಗಿ ಹೇಳಿದರು ಅಂತಲೇ ಓದು ಬಲ್ಲವರು, ನಿವೃತ್ತ ಅಧಿಕಾರಿಗಳು ಕೂಡ ನಂಬಿ ಜೀವಮಾನದ ಉಳಿತಾಯ ಕಳೆದುಕೊಂಡಿದ್ದಾರೆ. ನಿಮ್ಮ ವಿವರ ಯಾರ ಹತ್ತಿರ ಬೇಕಾದರೂ ಇರಬಹುದು, ಯಾಕೆ ಅಂತ ಮೇಲೆಲ್ಲ ಬರೆದಿದ್ದೇನೆ. ಕಾಲ್ ಕಟ್ ಮಾಡಿ. ಪಕ್ಕದ ಮನೆಯವರನ್ನು ಕರೆಯಿರಿ.

ರಸ್ತೆಯಲ್ಲಿ ಎಲ್ಲಿ ನೋಡಿದರೂ ಕ್ಯಾಮೆರಾ. ಇದು ಒಳ್ಳೆಯದೇ ಅಲ್ವಾ?

ಒಂಟಿಯಾಗಿ ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಧೈರ್ಯ ಅನ್ನಿಸಿದರೆ ಅದನ್ನು ಬೇಡ ಅನ್ನಲು ನಾನು ಯಾರು? ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯೊಂದರಲ್ಲೇ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿದ್ದಾರೆ. ನನ್ನ ಪ್ರಶ್ನೆ ಇಷ್ಟೇ: ದೃಶ್ಯ ಎಷ್ಟು ದಿನ ಇಡುತ್ತಾರೆ, ಯಾರು ನೋಡುತ್ತಾರೆ, ಮುಖ ಗುರುತಿಸುವ ಯಂತ್ರ ತಪ್ಪು ಮಾಡಿ ಬೇರೆ ಯಾರನ್ನೋ ಹಿಡಿದರೆ ಅವನು ಯಾರ ಹತ್ತಿರ ಹೋಗಬೇಕು? ಇದಕ್ಕೆ ಅಂತಲೇ ಮಾಡಿದ ಕಾನೂನು ನಮ್ಮಲ್ಲಿಲ್ಲ. ಏರ್‌ಪೋರ್ಟಿನ ಡಿಜಿಯಾತ್ರಾ (ಮುಖ ಗುರುತಿಸಿ ಒಳಗೆ ಬಿಡುವ ವ್ಯವಸ್ಥೆ) ಬಗ್ಗೆಯೂ ಕೇಳುತ್ತಾರೆ. ಅದು ಕಡ್ಡಾಯ ಅಲ್ಲ. ಗುರುತಿನ ಚೀಟಿ ತೋರಿಸಿ ಬೇರೆ ಸಾಲಿನಲ್ಲಿ ಹೋಗಬಹುದು.

ಮನೆ ಬಾಗಿಲಿಗೆ ಸರ್ವೆ ಅಂತ ಬಂದರೆ ವಿವರ ಕೊಡಬೇಕಾ?

ಯಾರು, ಯಾವ ಇಲಾಖೆ ಅಂತ ಕೇಳಿ, ಗುರುತಿನ ಚೀಟಿ ನೋಡಿ. ಚೀಟಿ ಇದ್ದರೂ ಸಾಲದು ಅಂತ ನಮಗೆ ಗೊತ್ತಾದದ್ದು 2022ರ ನವೆಂಬರ್‌ನಲ್ಲಿ. ಮತದಾರರ ಜಾಗೃತಿ ಮಾಡುತ್ತೇವೆ ಅಂತ ಬಿಬಿಎಂಪಿ ಅನುಮತಿ ಪಡೆದಿದ್ದ ಸಂಸ್ಥೆಯೊಂದರ ಹುಡುಗರು ಬೂತ್ ಮಟ್ಟದ ಅಧಿಕಾರಿ ಅನ್ನುವ ಗುರುತಿನ ಚೀಟಿ ಹಾಕಿಕೊಂಡು ಮನೆಮನೆ ತಿರುಗಿ ಮತದಾರರ ವಿವರ ಬರೆದುಕೊಂಡರು ಅನ್ನುವ ಆರೋಪ ಹೊರಬಂತು. ಬಂಧನಗಳಾದವು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಹೇಳಿತು. ಬಾಗಿಲಿಗೆ ಬಂದವರಿಗೆ ನೀರು ಕೊಡಿ. ವಿವರವನ್ನು ನಾಳೆ ವಿಚಾರಿಸಿ ಕೊಡುತ್ತೇನೆ ಅನ್ನಿ. ನಿಜವಾದವರು ಇನ್ನೊಂದು ದಿನ ಬರುತ್ತಾರೆ.

ಹೊಸ ಕಾನೂನು ಬಂದಿದೆಯಲ್ಲ, ಅದರಿಂದ ಏನಾಗುತ್ತದೆ?

ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ, 2023ರ ಆಗಸ್ಟ್‌ನಲ್ಲಿ ಆಯಿತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮಧ್ಯದವರೆಗೆ ಕಾಯಬೇಕು.

ಒಳ್ಳೆಯದು ಇದೆ. ಯಾಕೆ ಬೇಕು ಅಂತ ಹೇಳಿಯೇ ಮಾಹಿತಿ ಕೇಳಬೇಕು. ನೀವು ಬಯಸಿದರೆ ಆ ನೋಟಿಸ್ ಕನ್ನಡದಲ್ಲೂ ಸಿಗಬೇಕು. ದಯವಿಟ್ಟು ಕನ್ನಡದಲ್ಲೇ ಕೇಳಿ, ಕೇಳುವವರು ಇದ್ದರೆ ತಾನೇ ಅವರು ಕೊಡುವುದು? ಒಪ್ಪಿಗೆ ವಾಪಸ್ ತಗೊಳ್ಳಬಹುದು, ಅಳಿಸಿ ಅನ್ನಬಹುದು. ಮಾಹಿತಿ ಸೋರಿದರೆ ನಿಮಗೆ ತಿಳಿಸಬೇಕು. ದಂಡ 250 ಕೋಟಿ ರೂಪಾಯಿವರೆಗೆ. 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ನನಗೆ ಸಮಾಧಾನ ಇಲ್ಲದ್ದು ಎರಡು. ಕೇಂದ್ರ ಸರ್ಕಾರ ತನಗೆ ಬೇಕಾದ ಸರ್ಕಾರಿ ಸಂಸ್ಥೆಯನ್ನು ದೇಶದ ಭದ್ರತೆಯಂಥ ಕಾರಣ ಕೊಟ್ಟು ಈ ಕಾನೂನಿನಿಂದ ಹೊರಗಿಡಬಹುದು. ಇನ್ನೊಂದು, ಮಾಹಿತಿ ಹಕ್ಕು ಕಾಯ್ದೆಯ ಒಂದು ಸೆಕ್ಷನ್ ಬದಲಿಸಿ, ವೈಯಕ್ತಿಕ ಮಾಹಿತಿ ಅಂದರೆ ಸಾಕು ಕೊಡದೇ ಇರುವಂತೆ ದಾರಿ ಮಾಡಿದ್ದಾರೆ. ಊರಿನ ಕಾಮಗಾರಿಯ ಬಿಲ್ ಯಾರಿಗೆ ಹೋಯಿತು ಅಂತ ಕೇಳುವವರಿಗೆ "ಅದು ವೈಯಕ್ತಿಕ" ಅನ್ನುವ ಉತ್ತರ ಬರಬಾರದು. ಜನರ ಖಾಸಗಿತನ ಬೇರೆ, ಅಧಿಕಾರದಲ್ಲಿರುವವರ ಲೆಕ್ಕಪತ್ರ ಬೇರೆ.

ನಾನು ಜರ್ಮನಿಯಲ್ಲಿದ್ದೇನೆ. ನನಗೂ ಇದೆಲ್ಲ ಇದೆಯಾ?

ಅಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಅನ್ನುವ ಯುರೋಪಿನ ಮಾಹಿತಿ ರಕ್ಷಣೆ ಕಾನೂನು ಜಾರಿಯಲ್ಲಿದೆ. ಯಾವ ಕಂಪನಿಗಾದರೂ "ನನ್ನ ಬಗ್ಗೆ ನಿಮ್ಮ ಹತ್ತಿರ ಏನಿದೆ, ಪ್ರತಿ ಕಳಿಸಿ" ಅಂತ ಬರೆಯಿರಿ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಬಂದ ಫೈಲ್ ಊರಿನ ಮನೆಯವರಿಗೆ ಒಮ್ಮೆ ತೋರಿಸಿ. ನಾನು ನೂರು ಸಲ ಹೇಳಿದ್ದಕ್ಕಿಂತ ಅದು ಬೇಗ ಅರ್ಥವಾಗುತ್ತದೆ.

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅವರ ಫೋನ್ ನಂಬರ್ ಏನು ಮಾಡೋದು?

ಕ್ಯಾನ್ಸಲ್ ಮಾಡಿಸಲು ಓಡಬೇಡಿ, ರೀಚಾರ್ಜ್ ನಿಲ್ಲಿಸಲೂ ಬೇಡಿ. ಬಳಸದೇ ಬಿಟ್ಟ ನಂಬರನ್ನು ಕಂಪನಿ ನಿಲ್ಲಿಸುತ್ತದೆ, ಆಮೇಲೆ ಕೆಲವು ತಿಂಗಳಲ್ಲಿ ಅದನ್ನು ಬೇರೆಯವರಿಗೆ ಕೊಡುತ್ತದೆ. ಅಪ್ಪನ ಖಾತೆಯ ಮೆಸೇಜ್, ಓಟಿಪಿ, ವಾಟ್ಸಾಪ್ ಎಲ್ಲಾ ಆ ಹೊಸಬರ ಕೈಗೆ ಹೋಗಬಹುದು. ಮೊದಲು ಬ್ಯಾಂಕ್, ಪಿಂಚಣಿ, ಎಲ್‌ಐಸಿ, ಗ್ಯಾಸ್, ಕರೆಂಟ್ ಬಿಲ್ ಎಲ್ಲದರಲ್ಲೂ ನಂಬರ್ ಬದಲಿಸಿ, ಖಾತೆ ಮುಚ್ಚಬೇಕಾದ್ದನ್ನು ಮುಚ್ಚಿ. ವಾಟ್ಸಾಪ್ ಖಾತೆ ಡಿಲೀಟ್ ಮಾಡುವ ಮುಂಚೆ ಅವರ ಫೋಟೋ, ಧ್ವನಿ ಮೆಸೇಜುಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ, ಆಮೇಲೆ ಸಿಗುವುದಿಲ್ಲ. ಎಲ್ಲಾ ಮುಗಿಯುವವರೆಗೆ ಸಣ್ಣ ರೀಚಾರ್ಜ್ ಹಾಕುತ್ತಾ ಆ ಸಿಮ್ ಅನ್ನು ಮನೆಯಲ್ಲೇ ಇಟ್ಟುಕೊಳ್ಳಿ. ನಮ್ಮ ತಂದೆಯ ನಂಬರನ್ನು ನಾನು ಹದಿನೊಂದು ತಿಂಗಳು ಹಾಗೆ ಇಟ್ಟುಕೊಂಡಿದ್ದೆ.